ಮಾತು ಕಡಿಮೆಯ ಟೀಚರ್, ಮಾತು ಕಡಿಮೆಯ ಮಕ್ಕಳು: ತರಗತಿ ಹೇಗೆ ನಡೆಸುವುದು?

ಪ್ರಶ್ನೆ: ಸಿಬಿಜೆಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಟೀಚರ್, ಶ್ರೀನಿವಾಸಪುರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ 8, 9, 10ನೇ ತರಗತಿಗೆ ವಿಜ್ಞಾನ ತೆಗೆದುಕೊಳ್ಳುತ್ತೇನೆ. ಚಿಕ್ಕಂದಿನಿಂದಲೂ ನನಗೆ ಮಾತು ಕಡಿಮೆ. ಪಾಠ ಮಾಡಲು ಅದು ಯಾವತ್ತೂ ಅಡ್ಡ ಬಂದಿಲ್ಲ. ವಿಷಯ ಕೈಯಲ್ಲಿದ್ದರೆ ಪೀರಿಯಡ್ ಹೋದದ್ದೇ ಗೊತ್ತಾಗುವುದಿಲ್ಲ. ಸುಸ್ತಾಗುವುದು ಉಳಿದ ಮಾತಿನಿಂದ. ಬೆಳಗ್ಗೆ ಪ್ರಾರ್ಥನೆಯಲ್ಲಿ ಮೈಕ್ ಹಿಡಿಯಬೇಕು. ಆಮೇಲೆ ಸ್ಟಾಫ್ ರೂಮಿನ ಹರಟೆ, ಬಿಸಿಯೂಟದ ಗಲಾಟೆ, ಸಂಜೆ ಮನೆಗೆ ಬಂದ ಮೇಲೆ ಪೋಷಕರ ಫೋನು. ರಾತ್ರಿ ಊಟದ ಹೊತ್ತಿಗೆ ನನ್ನ ಮಗಳ ಜೊತೆ ನಾಲ್ಕು ಮಾತಾಡಲೂ ಶಕ್ತಿ ಉಳಿದಿರುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ಒಬ್ಬ ಅಧಿಕಾರಿ ಪಾಠ ವೀಕ್ಷಣೆಗೆ ಬಂದಿದ್ದರು. 10ನೇ ತರಗತಿ, ಪರಾಗಸ್ಪರ್ಶದ ಪಾಠ. ನಾನು ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆದು, ‘ಎಲ್ಲರೂ ಮೊದಲು ನೋಟ್ಸಿನಲ್ಲಿ ಬರೆಯಿರಿ, ಆಮೇಲೆ ಮಾತಾಡೋಣ’ ಅಂದಿದ್ದೆ. 38 ಮಕ್ಕಳೂ ತಲೆ ಬಗ್ಗಿಸಿ ಬರೆಯುತ್ತಿದ್ದರು. ಅಧಿಕಾರಿ ಸ್ವಲ್ಪ ಹೊತ್ತು ಹಿಂದೆ ಕೂತಿದ್ದು ಎದ್ದು ಹೋದರು. ಪಾಲ್ಗೊಳ್ಳುವಿಕೆ ಕಡಿಮೆ, ತರಗತಿ ಚುರುಕಾಗಬೇಕು ಅಂತ ಪುಸ್ತಕದಲ್ಲಿ ಬರೆದರು. ಪಕ್ಕದ ಕೋಣೆಯಲ್ಲಿ ಮಕ್ಕಳು ಒಟ್ಟಿಗೆ ಕೂಗಿ ಉತ್ತರ ಹೇಳುತ್ತಿದ್ದರು. ಅದಕ್ಕೆ ಉತ್ತಮ ಅಂತ ಬಂತು. ನಮ್ಮ ಮಕ್ಕಳ ನೋಟ್ಸಿನಲ್ಲಿ ಏನಿದೆ ಅಂತ ಅವರು ನೋಡಲೇ ಇಲ್ಲ. ನನಗೆ ತುಂಬಾ ಬೇಜಾರಾಯಿತು.

ಏನಿತ್ತು ಅಂತ ಹೇಳುತ್ತೇನೆ. ಒಬ್ಬ ಹುಡುಗಿ ಇದ್ದಾಳೆ. ಅವಳ ಮನೆ ಮಾವಿನ ತೋಟದಲ್ಲೇ ಇದೆ. ಮನೆಮಾತು ತೆಲುಗು. ಹಾಜರಿ ಕೂಗಿದಾಗ ‘ಎಸ್ ಮಿಸ್’ ಅನ್ನುವುದು ಬಿಟ್ಟರೆ ತರಗತಿಯಲ್ಲಿ ಅವಳ ದನಿ ಕೇಳುವುದೇ ಅಪರೂಪ. ಅವಳು ಬರೆದಿದ್ದಳು: ‘ಮಾವಿನ ಒಂದು ಗೊಂಚಲಲ್ಲಿ ಎಣಿಸಲಾಗದಷ್ಟು ಹೂ ಇರುತ್ತೆ. ಕಾಯಿ ಒಂದೋ ಎರಡೋ. ಮಿಕ್ಕ ಹೂಗಳಿಗೆ ಪರಾಗ ಸಿಗಲಿಲ್ಲವಾ, ಅಥವಾ ಅವು ಕಾಯಿ ಆಗುವ ಹೂವೇ ಅಲ್ಲವಾ?’ ಎಂಥ ಪ್ರಶ್ನೆ ನೋಡಿ! ಎರಡೂ ನಿಜ. ಮಾವಿನ ಗೊಂಚಲಲ್ಲಿ ಬರೀ ಗಂಡು ಹೂಗಳೂ ಇರುತ್ತವೆ, ದ್ವಿಲಿಂಗಿ ಹೂಗಳೂ ಇರುತ್ತವೆ. ಗಂಡು ಹೂ ಕಾಯಿ ಕಚ್ಚುವುದಿಲ್ಲ. ದ್ವಿಲಿಂಗಿ ಹೂಗಳಲ್ಲೂ ಎಷ್ಟೋ ಪರಾಗ ಸಿಗದೆ ಉದುರುತ್ತವೆ. ಕಚ್ಚಿದ ಈಚುಗಳಲ್ಲೂ ಹೆಚ್ಚಿನವು ನಿಲ್ಲುವುದಿಲ್ಲ. ಮಾರನೇ ದಿನ ಅವಳ ಹೆಸರು ಹೇಳದೆ ಆ ಪ್ರಶ್ನೆಯನ್ನೇ ತರಗತಿಗೆ ಇಟ್ಟೆ. ಅವತ್ತು ಮಾತಾಡದ ಹುಡುಗರು ಕಡಿಮೆ. ನಮ್ಮ ಕಡೆ ಮಾವು ಅಂದರೆ ಎಲ್ಲರ ಮನೆ ವಿಷಯ ಅಲ್ವಾ.

ನನಗೆ ಬೇಕಾದ ಸಲಹೆ ಇಷ್ಟು. ಇಂಥ ಮಕ್ಕಳನ್ನು ಹಿಂಸೆ ಮಾಡದೆ ಪಾಠದೊಳಕ್ಕೆ ಕರೆದುಕೊಳ್ಳುವುದು ಹೇಗೆ? ನಮ್ಮ ವಿಷಯದಲ್ಲಿ 80 ಅಂಕ ಬರವಣಿಗೆ, 20 ಅಂಕ ಆಂತರಿಕ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆ ಅಂದ ಕೂಡಲೇ ಎಲ್ಲರೂ ಸೆಮಿನಾರ್, ರಸಪ್ರಶ್ನೆ, ಚರ್ಚೆ ಅನ್ನುತ್ತಾರೆ. ಬಾಯಿ ಬಿಡದ ಮಗುವಿಗೆ ಅಂಕ ಹೇಗೆ ಕೊಡುವುದು? ಗದ್ದಲ ಇಲ್ಲದ ತರಗತಿಯೂ ಕಲಿಯುತ್ತಿದೆ ಅಂತ ಮೇಲಿನವರಿಗೆ ತೋರಿಸುವುದು ಹೇಗೆ? ಇನ್ನೊಂದು, ನನ್ನ ಹಾಗೆ ಮಾತು ಕಡಿಮೆ ಇರುವ ಟೀಚರ್‌ಗಳು ಈ ಕೆಲಸವನ್ನು ವರ್ಷಾನುಗಟ್ಟಲೆ ದಣಿಯದೆ ಹೇಗೆ ಮಾಡುತ್ತೀರಿ? ‘ಸ್ವಲ್ಪ ಎಲ್ಲರ ಜೊತೆ ಬೆರೆಯಿರಿ ಮೇಡಂ’ ಅನ್ನುವ ಸಲಹೆ ಬೇಡ. ಅದನ್ನು ತುಂಬಾ ಕೇಳಿದ್ದೇನೆ.

ಉತ್ತರ: ನಿವೃತ್ತ ಮುಖ್ಯ ಶಿಕ್ಷಕ, ಮಧುಗಿರಿ

ಮೇಡಂ, ನಮಸ್ಕಾರ. ನಿಮ್ಮ ಹುಡುಗಿಯ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ನಾನು ಪಾವಗಡ, ಮಧುಗಿರಿ ಕಡೆಯೇ ಸರ್ವಿಸ್ ಮುಗಿಸಿದವನು. ಮಕ್ಕಳ ಮನೆಮಾತು ತೆಲುಗು, ಪಾಠ ಕನ್ನಡ ಅನ್ನುವ ಪರಿಸ್ಥಿತಿ ನನಗೂ ಗೊತ್ತು.

ಮೊದಲು ಕಾಯುವ ವಿಚಾರ ಹೇಳುತ್ತೇನೆ, ಯಾಕೆಂದರೆ ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಅಮೆರಿಕದಲ್ಲಿ ಮೇರಿ ಬಡ್ ರೋ ಅಂತ ವಿಜ್ಞಾನ ಶಿಕ್ಷಣದ ಸಂಶೋಧಕಿ ಇದ್ದರು. 1970ರ ದಶಕದಲ್ಲಿ ಅವರು ತರಗತಿಗಳ ಧ್ವನಿಮುದ್ರಣ ಕೇಳಿ ಕೇಳಿ ಒಂದು ವಿಷಯ ಕಂಡುಕೊಂಡರು. ಟೀಚರ್ ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ. ಅಷ್ಟರಲ್ಲಿ ಉತ್ತರ ಬರದಿದ್ದರೆ ಇನ್ನೊಬ್ಬರನ್ನು ಕೇಳುತ್ತಾರೆ, ಇಲ್ಲವೇ ತಾವೇ ಹೇಳಿಬಿಡುತ್ತಾರೆ. ಅದನ್ನೇ ಮೂರು ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಮಾಡಿದಾಗ ಮಕ್ಕಳ ಉತ್ತರ ಉದ್ದವಾಯಿತು, ಕೇಳದೆಯೇ ಮಾತಾಡುವ ಮಕ್ಕಳು ಹೆಚ್ಚಾದರು, ಸುಮ್ಮನಿರುವುದು ಅಥವಾ ‘ಗೊತ್ತಿಲ್ಲ’ ಅನ್ನುವುದು ಕಡಿಮೆಯಾಯಿತು. ಎರಡು ಕಡೆ ಕಾಯಬೇಕು ಅಂತ ಅವರು ತೋರಿಸಿದರು. ಪ್ರಶ್ನೆ ಕೇಳಿದ ಮೇಲೆ ಒಮ್ಮೆ, ಮಗು ಉತ್ತರ ಹೇಳಿ ನಿಲ್ಲಿಸಿದ ಮೇಲೆ ಇನ್ನೊಮ್ಮೆ. ಈ ಎರಡನೆಯದನ್ನು ನಾವು ಯಾರೂ ಮಾಡುವುದಿಲ್ಲ. ಮಗು ಅರ್ಧ ಹೇಳುವಷ್ಟರಲ್ಲಿ ‘ಹಾಂ, ಸರಿ, ಕೂತ್ಕೋ’ ಅನ್ನುತ್ತೇವೆ. ನಿಧಾನವಾಗಿ ಯೋಚಿಸುವ ಮಗುವಿನ ಒಳ್ಳೆಯ ಮಾತು ಆ ಎರಡನೇ ಬಿಡುವಿನಲ್ಲೇ ಬರುವುದು.

ನಮ್ಮ ಶಾಲೆಯಲ್ಲಿ ಒಂದು ನಿಯಮ ಮಾಡಿದ್ದೆವು. ಮೊದಲು ಎದ್ದ ಕೈಗೆ ಉತ್ತರ ಹೇಳಲು ಬಿಡುವಂತಿಲ್ಲ. ಐದಾರು ಕೈ ಏಳುವವರೆಗೆ ಎಲ್ಲರೂ ಕಾಯಬೇಕು. ಮುಂದಿನ ಬೆಂಚಿನ ಚುರುಕು ಹುಡುಗರಿಗೆ ಮೊದಮೊದಲು ಸಿಟ್ಟು ಬರುತ್ತದೆ. ಅವರಿಗೆ ಕಾರಣ ಹೇಳಿದರೆ ಅವರೂ ಕಾಯುತ್ತಾರೆ.

ನೀವು ಮಾಡಿದ ಹಾಗೆ ಮೊದಲು ಬರೆಸಿ, ಆಮೇಲೆ ಪಕ್ಕದವರ ಜೊತೆ ಮಾತಾಡಿಸಿ, ಕೊನೆಗೆ ತರಗತಿಗೆ ಹೇಳಿಸುವ ಪದ್ಧತಿಯೂ ಹೊಸದಲ್ಲ. ಫ್ರಾಂಕ್ ಲೈಮನ್ ಅನ್ನುವವರು 1981ರಲ್ಲೇ ಇದೇ ಬಗೆಯದಕ್ಕೆ ಥಿಂಕ್-ಪೇರ್-ಶೇರ್ ಅಂತ ಹೆಸರು ಕೊಟ್ಟರು. ಮಾತು ಕಡಿಮೆಯ ಮಗುವಿಗೆ ನಡುವಿನ ಮೆಟ್ಟಿಲೇ ಮುಖ್ಯ. ಒಬ್ಬರ ಎದುರು ಹೇಳಿ ನೋಡಿದ ಮಾತನ್ನು ಮೂವತ್ತು ಜನರ ಎದುರು ಹೇಳುವುದು ಅಷ್ಟು ಕಷ್ಟವಲ್ಲ. ಜೊತೆ ಮಾತ್ರ ನೀವೇ ನೋಡಿ ಕೂರಿಸಿ. ಬಾಯಿ ಜೋರಿರುವವರ ಪಕ್ಕ ಕೂರಿಸಿದರೆ ಮಗು ಬರೀ ಕೇಳಿಸಿಕೊಂಡೇ ಇರುತ್ತದೆ.

ವೀಕ್ಷಣೆ ಬಗ್ಗೆ: ಪಾಠ ಯೋಜನೆಯಲ್ಲೇ ಸ್ಪಷ್ಟವಾಗಿ ಬರೆದಿಡಿ. ‘ನಾಲ್ಕು ನಿಮಿಷ ಒಬ್ಬೊಬ್ಬರೇ ಬರೆಯುವುದು, ಮೂರು ನಿಮಿಷ ಜೋಡಿ ಚರ್ಚೆ, ಎಂಟು ನಿಮಿಷ ತರಗತಿ ಚರ್ಚೆ’ ಅಂತ ಹೊತ್ತಿನ ಸಮೇತ. ಬಂದವರು ಕೂತ ಕೂಡಲೇ ಆ ಹಾಳೆ ಕೈಗೆ ಕೊಡಿ. ಮಕ್ಕಳು ಬರೆಯುತ್ತಿರುವಾಗ ಎರಡು ನೋಟ್ಸ್ ತಂದು ಅವರ ಮುಂದೆ ಇಟ್ಟು ‘ಸಾರ್, ಇದನ್ನು ನೋಡಿ’ ಅನ್ನಿ. ನಾನೂ ಎಷ್ಟೋ ಪಾಠ ನೋಡಿದ್ದೇನೆ. ಹಿಂದೆ ಕೂತವರಿಗೆ ಕಿವಿಗೆ ಬೀಳುವುದು ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ನೋಟ್ಸನ್ನು ನಾವೇ ಕೈಗೆ ಕೊಡಬೇಕು. ಒಟ್ಟಾಗಿ ಕೂಗುವ ಉತ್ತರದಲ್ಲಿ ಎಷ್ಟು ಮಕ್ಕಳಿಗೆ ಅರ್ಥವಾಗಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ ಮೇಡಂ. ನಿಮ್ಮ 38 ನೋಟ್ಸಿನಲ್ಲಿ 38 ಮಕ್ಕಳೂ ಸಿಗುತ್ತಾರೆ.

ಯಾರಾದರೂ ನಿಯಮದ ಮಾತಾಡಿದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ನೋಡಲು ಹೇಳಿ. ಮಗುವನ್ನು ಭಯ, ಆಘಾತ, ಆತಂಕದಿಂದ ಮುಕ್ತ ಮಾಡಬೇಕು, ತನ್ನ ಅನಿಸಿಕೆಯನ್ನು ಮುಕ್ತವಾಗಿ ಹೇಳಲು ನೆರವಾಗಬೇಕು ಅಂತ ಅಲ್ಲಿದೆ. ಭಯ ಕಳೆಯುವುದೂ ಮಾತಾಡಿಸುವುದೂ ಒಂದೇ ಸಾಲಿನಲ್ಲಿ ಬರುತ್ತವೆ. ಹೆದರಿಸಿ ಮಾತಾಡಿಸಿದರೆ ಆ ಸಾಲಿಗೆ ಅರ್ಥವೇ ಇಲ್ಲ.

ಇನ್ನೊಂದು ವಿಷಯ ಗಮನದಲ್ಲಿರಲಿ. ಸುಮ್ಮನಿರುವ ಮಕ್ಕಳೆಲ್ಲ ಒಂದೇ ಅಲ್ಲ. ಸ್ವಭಾವದಿಂದಲೇ ಮಾತು ಕಡಿಮೆ ಇರುವ ಮಗು ನೆಮ್ಮದಿಯಾಗಿರುತ್ತದೆ. ಒಬ್ಬೊಬ್ಬರಾಗಿ ಕೇಳಿದರೆ ಚೆನ್ನಾಗಿ ಹೇಳುತ್ತದೆ, ಒಬ್ಬಿಬ್ಬರು ಗಟ್ಟಿ ಸ್ನೇಹಿತರು ಇರುತ್ತಾರೆ. ಹೆದರಿದ ಮಗು ಹಾಗಲ್ಲ. ಅದಕ್ಕೆ ಮಾತಾಡುವ ಆಸೆ ಇರುತ್ತದೆ, ತಪ್ಪಾದರೆ ನಗುತ್ತಾರೆ ಅಂತ ನುಂಗಿಕೊಳ್ಳುತ್ತದೆ. ಕೆಲವು ಮಕ್ಕಳಿಗೆ ಕಿವಿಯೇ ಸರಿಯಾಗಿ ಕೇಳುವುದಿಲ್ಲ. ಮುಖ ಒಂದು ಪಕ್ಕಕ್ಕೆ ತಿರುಗಿಸುವುದು, ಪಕ್ಕದವರ ಬಾಯಿ ನೋಡಿಕೊಂಡು ಬರೆಯುವುದು ಕಂಡರೆ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರ ತಂಡ ಶಾಲೆಗೆ ಬಂದಾಗ ಆ ಮಗುವನ್ನು ಮೊದಲು ತೋರಿಸಿ. ಮನೆಯಲ್ಲಿ ಅರಳು ಹುರಿದ ಹಾಗೆ ಮಾತಾಡುವ ಮಗು ಶಾಲೆಯಲ್ಲಿ ತಿಂಗಳುಗಟ್ಟಲೆ ಒಂದು ಅಕ್ಷರವನ್ನೂ ಆಡದಿದ್ದರೆ ಅದು ಸೆಲೆಕ್ಟಿವ್ ಮ್ಯೂಟಿಸಂ ಇರಬಹುದು. ಅದು ಹಟವಲ್ಲ, ಆತಂಕದ ತೊಂದರೆ. ಅದಕ್ಕೆ ಚಿಕಿತ್ಸೆ ಇದೆ. 2022ರಿಂದ ಟೆಲಿ ಮನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಮ್ಮ ಜಿಲ್ಲೆಗಳಿಂದ ಬೆಂಗಳೂರಿನ ನಿಮ್ಹಾನ್ಸ್ ಕೂಡ ದೂರವಲ್ಲ.

ಉತ್ತರ: ಒಬ್ಬ ತಾಯಿ, ಚಿಂತಾಮಣಿ

ನಾನು ಟೀಚರ್ ಅಲ್ಲ. ಇಂಥ ಮಗುವಿನ ತಾಯಿ ಅಂತ ಬರೆಯುತ್ತಿದ್ದೇನೆ.

ನಮ್ಮದು ಟೊಮೆಟೊ ವ್ಯಾಪಾರ. ಮಗ 7ನೇ ಕ್ಲಾಸು. ಮಂಡಿಯಿಂದ ಅವರಪ್ಪ ಫೋನ್ ಮಾಡಿ ಬಾಕ್ಸು ಎಷ್ಟು, ರೇಟು ಎಷ್ಟು ಅಂತ ಹೇಳಿದರೆ, 15 ಕೆಜಿ ಬಾಕ್ಸಿನ ಲೆಕ್ಕ, ಕಮಿಷನ್ ಕಳೆದು ಕೈಗೆ ಬರುವುದು ಎಷ್ಟು ಅಂತ ಬಾಯಲ್ಲೇ ಹೇಳುತ್ತಾನೆ. ಅಂಥ ಹುಡುಗ ಶಾಲೆಯಲ್ಲಿ ಮಾತಾಡುವುದಿಲ್ಲ. ಹಿಂದಿನ ಶಾಲೆಯ ಪೋಷಕರ ಸಭೆಯಲ್ಲಿ ಎಲ್ಲರ ಎದುರಿಗೇ ‘ಏನಮ್ಮಾ, ನಿಮ್ಮ ಮಗನಿಗೆ ಬಾಯೇ ಇಲ್ವಾ?’ ಅಂದರು. ಅವನು ನನ್ನ ಪಕ್ಕದಲ್ಲೇ ನಿಂತಿದ್ದ. ಅವತ್ತಿಂದ ಶಾಲೆ ಅಂದರೆ ಹೊಟ್ಟೆನೋವು ಅನ್ನಲು ಶುರು ಮಾಡಿದ. ಟೀಚರ್‌ಗಳೇ, ಕೈಮುಗಿದು ಕೇಳುತ್ತೇನೆ, ಮಗುವಿನ ಎದುರು ಹಾಗೆ ಹೇಳಬೇಡಿ. ನಮ್ಮನ್ನು ಪಕ್ಕಕ್ಕೆ ಕರೆದು ಹೇಳಿ, ನಾವು ಕೇಳುತ್ತೇವೆ.

ಈಗಿನ ಶಾಲೆಯ ಕ್ಲಾಸ್ ಟೀಚರ್ ಏನು ಮಾಡಿದರು ಗೊತ್ತಾ? ಅವನಿಗೆ ಭಾಷಣ ಹೇಳಿಸಲು ಹೋಗಲಿಲ್ಲ. ಲೈಬ್ರರಿ ಪುಸ್ತಕದ ರಿಜಿಸ್ಟರ್ ಕೊಟ್ಟರು. ಯಾವ ಮಗು ಪುಸ್ತಕ ತೆಗೆದುಕೊಂಡರೂ ಇವನು ಹೆಸರು, ಪುಸ್ತಕದ ನಂಬರ್ ಕೇಳಿ ಬರೆಯಬೇಕು. ವಾಪಸ್ ಕೊಡದವರ ಹತ್ತಿರ ಹೋಗಿ ಕೇಳಬೇಕು. ಆಡಬೇಕಾದ ಮಾತು ಚಿಕ್ಕದು, ಏನು ಕೇಳಬೇಕು ಅಂತ ಮೊದಲೇ ಗೊತ್ತು, ಕೆಲಸವೂ ಅವನಿಗೆ ಇಷ್ಟದ್ದು. ಈಗ ದೊಡ್ಡ ಕ್ಲಾಸಿನ ಹುಡುಗರನ್ನೂ ನಿಲ್ಲಿಸಿ ‘ಪುಸ್ತಕ ಎಲ್ಲಿ?’ ಅಂತ ಕೇಳುತ್ತಾನಂತೆ. ಪಾಠದಲ್ಲಿ ಈಗಲೂ ಮಾತು ಕಡಿಮೆಯೇ. ಇರಲಿ ಬಿಡಿ. ಬೆಳಗ್ಗೆ ಬ್ಯಾಗ್ ಹಾಕಿಕೊಂಡು ಅವನಾಗಿ ಹೊರಡುತ್ತಾನೆ, ನನಗೆ ಅಷ್ಟು ಸಾಕು.

ಉತ್ತರ: ಇಂಗ್ಲಿಷ್ ಮೇಷ್ಟ್ರು, ತುರುವೇಕೆರೆ

ಎಲ್ಲರ ಮಾತೂ ಸರಿ. ಆದರೂ ಒಂದು ಭಿನ್ನ ಅಭಿಪ್ರಾಯ ಹೇಳುತ್ತೇನೆ, ತಪ್ಪು ತಿಳಿಯಬೇಡಿ.

‘ಇರಲಿ ಬಿಡಿ’ ಅನ್ನುವ ಮಾತು ನನಗೆ ಸ್ವಲ್ಪ ಭಯ ತರುತ್ತದೆ. ತಾಯಿಯವರು ಹೇಳಿದ್ದು ಪ್ರೀತಿಯಿಂದ, ಅದು ಅರ್ಥವಾಗುತ್ತದೆ. ಆದರೆ ನಮ್ಮ ಸರ್ಕಾರಿ ಶಾಲೆಯ ಮಕ್ಕಳು ನಾಳೆ ಪಿಯುಸಿಗೆ, ಡಿಪ್ಲೊಮಾಗೆ ಪಟ್ಟಣಕ್ಕೆ ಹೋಗುತ್ತಾರೆ. ಅಲ್ಲಿ ಲ್ಯಾಬಿನಲ್ಲಿ ವೈವಾ ಇರುತ್ತದೆ, ಕೆಲಸಕ್ಕೆ ಹೋದರೆ ಇಂಟರ್‌ವ್ಯೂ ಇರುತ್ತದೆ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ತಮ್ಮ ಕೆಲಸ ತಾವು ಕೇಳಿ ಮಾಡಿಸಿಕೊಳ್ಳಬೇಕು. ಪಟ್ಟಣದ ಮಕ್ಕಳಿಗೆ ಮನೆಯಲ್ಲೇ ಅಭ್ಯಾಸ ಸಿಗಬಹುದು. ನಮ್ಮ ಮಕ್ಕಳಿಗೆ ನಾವೇ ಕೊಡಬೇಕು. ಸುಮ್ನೆ ಬಿಟ್ಟರೆ, ಹತ್ತು ವರ್ಷ ಶಾಲೆಗೆ ಬಂದರೂ ಆ ಮಗು ಒಮ್ಮೆಯೂ ತನ್ನ ಅಭಿಪ್ರಾಯ ಹೇಳದೆ ಹೋಗಿಬಿಡುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಜಾಸ್ತಿ. ‘ಒಳ್ಳೆ ಹುಡುಗಿ, ತುಂಬಾ ಸೈಲೆಂಟು’ ಅಂತ ಹೊಗಳಿ ಹೊಗಳಿಯೇ ಅವರ ಬಾಯಿ ಮುಚ್ಚಿಸುತ್ತೇವೆ.

ನಾನು ಮಾಡುವುದು ಹೀಗೆ. ಮೊದಲು ಪಕ್ಕದವರಿಗೆ ಒಂದು ಪ್ಯಾರಾ ಓದಿ ಹೇಳಬೇಕು. ಕೆಲವು ವಾರ ಆದ ಮೇಲೆ ತಮ್ಮ ಜಾಗದಲ್ಲೇ ಕೂತು, ಪುಸ್ತಕ ನೋಡಿಕೊಂಡು ತರಗತಿಗೆ ಕೇಳುವ ಹಾಗೆ ಓದಬೇಕು. ಆಮೇಲೆ ನಿಂತು. ಆಮೇಲೆ ಇನ್ನೊಬ್ಬರ ಜೊತೆ ಮುಂದೆ ಬಂದು ಸಂಭಾಷಣೆ. ಒಬ್ಬರೇ ಮುಂದೆ ಬರುವುದು ವರ್ಷದ ಕೊನೆಗೆ, ಅದೂ ಬಂದರೆ. ಯಾವ ಮಗುವನ್ನು ಯಾವತ್ತು ಕೇಳುತ್ತೇನೆ ಅಂತ ಹಿಂದಿನ ದಿನವೇ ಹೇಳಿರುತ್ತೇನೆ, ಯಾವ ಪ್ರಶ್ನೆ ಅಂತಲೂ ಹೇಳಿರುತ್ತೇನೆ. ದಿಢೀರ್ ಅಂತ ಹೆಸರು ಕೂಗಿ ಎಬ್ಬಿಸುವುದನ್ನು ನಮ್ಮ ತರಗತಿಯಲ್ಲಿ ನಾನು ಇಟ್ಟುಕೊಂಡಿಲ್ಲ. ಯಾರಾದರೂ ನಕ್ಕರೆ ಅಲ್ಲಿಗೇ ಪಾಠ ನಿಲ್ಲಿಸುತ್ತೇನೆ. ಈ ಒಂದು ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು.

ಪ್ರತಿಭಾ ಕಾರಂಜಿಗೂ ಒಂದು ಮಾತು. ಅದರಲ್ಲಿ ಬರೀ ಭಾಷಣ, ಹಾಡು ಇಲ್ಲ. ಚಿತ್ರಕಲೆ ಇದೆ, ಮಣ್ಣಿನ ಮಾದರಿ ಇದೆ. ಹೆಸರು ಬರೆಸುವಾಗ ಮಾತಿನ ಮಕ್ಕಳನ್ನೇ ಎಲ್ಲದಕ್ಕೂ ಹಾಕುವ ಅಭ್ಯಾಸ ನಮ್ಮಲ್ಲಿ ಇದೆ.

ಉತ್ತರ: ನಲಿ-ಕಲಿ ಟೀಚರ್, ಬಾಗೇಪಲ್ಲಿ

ಇಂಗ್ಲಿಷ್ ಮೇಷ್ಟ್ರ ಮಾತು ಒಪ್ಪುತ್ತೇನೆ. ಪ್ರೈಮರಿಯಲ್ಲಿ ಏನಾಗುತ್ತದೆ ಅಂತ ಸ್ವಲ್ಪ ಸೇರಿಸುತ್ತೇನೆ.

ನಲಿ-ಕಲಿ ನಮ್ಮ ರಾಜ್ಯದಲ್ಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಯಿತು. ಅದಕ್ಕೆ ಮಾದರಿ ಸಿಕ್ಕಿದ್ದು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳಿಂದ. ನಮಗೆ ಅದು ಗಡಿ ದಾಟಿದರೆ ಮದನಪಲ್ಲಿ ಪಕ್ಕದಲ್ಲೇ. 1ರಿಂದ 3ನೇ ತರಗತಿವರೆಗೆ ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರುತ್ತಾರೆ. ಒಂದು ಗುಂಪಿಗೆ ಟೀಚರ್ ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದಕ್ಕೆ ಅಷ್ಟಿಷ್ಟು, ಮತ್ತೊಂದು ಕಡೆ ಮಕ್ಕಳೇ ಮಕ್ಕಳಿಗೆ ಹೇಳಿಕೊಡುತ್ತಾರೆ, ಕೊನೆಯದು ಸ್ವಕಲಿಕೆ. ಮಗು ತನ್ನ ಕಾರ್ಡ್ ತಾನೇ ತೆಗೆದುಕೊಂಡು ತನ್ನ ವೇಗದಲ್ಲಿ ಮುಂದೆ ಹೋಗುತ್ತದೆ. ಮಾತು ಕಡಿಮೆಯ ಮಗುವಿಗೆ ಇದು ಬಹಳ ಹಿತ. ಯಾರೂ ಅದರ ಕಡೆ ನೋಡುತ್ತಿರುವುದಿಲ್ಲ. ಕಲಿಕೆ ಮಾತ್ರ ನಡೆಯುತ್ತಿರುತ್ತದೆ.

4ನೇ ತರಗತಿಗೆ ಬಂದ ಕೂಡಲೇ ಎಲ್ಲ ಬದಲಾಗುತ್ತದೆ. ಸಾಲಾಗಿ ಕೂರಬೇಕು, ಬೋರ್ಡ್ ನೋಡಬೇಕು, ಕೈ ಎತ್ತಬೇಕು. ಚೆನ್ನಾಗಿದ್ದ ಎಷ್ಟೋ ಮಕ್ಕಳು ಅಲ್ಲೇ ಬಾಯಿ ಮುಚ್ಚಿಕೊಳ್ಳುವುದನ್ನು ನೋಡಿದ್ದೇನೆ. ನಮ್ಮಲ್ಲಿ 4ನೇ ತರಗತಿ ಟೀಚರ್ ಮತ್ತು ನಾನು ಮಾತಾಡಿಕೊಂಡು, ಅಲ್ಲೂ ದಿನಕ್ಕೆ ಒಂದು ಪೀರಿಯಡ್ ಗುಂಪಿನಲ್ಲೇ ಕೂರಿಸುತ್ತಿದ್ದೇವೆ. ಹೈಸ್ಕೂಲಿನಲ್ಲೂ ವಾರಕ್ಕೆ ಒಂದೆರಡು ಪೀರಿಯಡ್ ಹೀಗೆ ಮಾಡಬಹುದು ಅನಿಸುತ್ತದೆ.

ಟೀಚರ್ ಮೇಡಂಗೆ ಇನ್ನೊಂದು ಮಾತು. ನಿಮ್ಮ ಹುಡುಗಿಯ ಮನೆಮಾತು ತೆಲುಗು ಅಂದಿರಿ. ಬಾಗೇಪಲ್ಲಿಯಲ್ಲಿ ನಮ್ಮ ಮಕ್ಕಳ ಮನೆಗಳಲ್ಲೂ ಬಹುಪಾಲು ತೆಲುಗೇ. ಒಂದನೇ ತರಗತಿಗೆ ಬಂದ ಮಗು ಕನ್ನಡದಲ್ಲಿ ಕೇಳಿದರೆ ನನ್ನ ಮುಖ ನೋಡುತ್ತದೆ. ‘ಏಮಿ ಕಾವಾಲಿ?’ (ಏನು ಬೇಕು?) ಅಂದರೆ ಒಂದೇ ಉಸಿರಿಗೆ ಎಲ್ಲ ಹೇಳುತ್ತದೆ. 10ನೇ ತರಗತಿಗೆ ಬರುವಷ್ಟರಲ್ಲಿ ಕನ್ನಡ ಬರೆಯಲು ಚೆನ್ನಾಗಿ ಬರುತ್ತದೆ, ಆದರೆ ಆಡುವಾಗ ತಪ್ಪಿ ತೆಲುಗು ಬಂದರೆ ನಗುತ್ತಾರೆ ಅನ್ನುವ ಹಿಂಜರಿಕೆ ಉಳಿದಿರುತ್ತದೆ. ನಿಮ್ಮ ಹುಡುಗಿ ತೋಟದಲ್ಲಿ ಮಾವಿನ ಬಗ್ಗೆ ಮಾತಾಡುವುದು ತೆಲುಗಿನಲ್ಲೇ ಅಲ್ವಾ? ಜೋಡಿ ಚರ್ಚೆಯನ್ನು ತೆಲುಗಿನಲ್ಲೇ ಮಾಡಲಿ ಅಂತ ಬಿಟ್ಟು ನೋಡಿ. ತರಗತಿಗೆ ಹೇಳುವಾಗ ಕನ್ನಡಕ್ಕೆ ಬರುತ್ತಾರೆ.

ಪ್ರಶ್ನೆ ಕೇಳಿದವರು: ಸಿಬಿಜೆಡ್ ಟೀಚರ್, ಶ್ರೀನಿವಾಸಪುರ ತಾಲ್ಲೂಕು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚಿಂತಾಮಣಿ ಅಕ್ಕ, ನಿಮ್ಮ ಮಗನ ರಿಜಿಸ್ಟರ್ ವಿಷಯ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ನಮ್ಮ ಲ್ಯಾಬಿನ ಸಾಮಾನು ಕೊಟ್ಟು ತೆಗೆದುಕೊಳ್ಳುವ ಲೆಕ್ಕವನ್ನು ಇಬ್ಬರು ಮಾತು ಕಡಿಮೆಯ ಮಕ್ಕಳಿಗೆ ವಹಿಸಿದ್ದೇನೆ.

ಮಧುಗಿರಿ ಸಾರ್ ಹೇಳಿದ ಹಾಗೆ ಕಾಯುವುದನ್ನು ಶುರು ಮಾಡಿದ್ದೇನೆ. ನಮ್ಮ ಹುಡುಗರಿಗೆ ಮೊದಲು ಗಾಬರಿಯಾಯಿತು, ‘ಮಿಸ್ ಯಾಕೆ ಸುಮ್ನೆ ನಿಂತಿದ್ದಾರೆ’ ಅಂತ. ಈಗ ಹಿಂದಿನ ಬೆಂಚಿನಿಂದಲೂ ಕೈ ಏಳುತ್ತಿವೆ. ನನಗೂ ಇದು ಹಿತವಾಗಿದೆ. ಎಲ್ಲ ಖಾಲಿ ಜಾಗವನ್ನೂ ನನ್ನ ಮಾತಿನಿಂದಲೇ ತುಂಬಬೇಕು ಅನ್ನುವ ಒತ್ತಡ ಕಡಿಮೆಯಾಗಿದೆ. ತೆಲುಗಿನಲ್ಲಿ ಜೋಡಿ ಚರ್ಚೆ ಮಾಡಿಸಿದಾಗ ಆ ಹುಡುಗಿ ಪಕ್ಕದವಳಿಗೆ ‘ಪೂತ’ (ಹೂ) ಉದುರುವುದರ ಬಗ್ಗೆ ಕೈ ಆಡಿಸಿಕೊಂಡು ವಿವರಿಸುತ್ತಿದ್ದಳು. ಆಮೇಲೆ ತರಗತಿಗೆ ಹೇಳಿದ್ದು ಪಕ್ಕದವಳು. ಪರವಾಗಿಲ್ಲ, ಇಂಗ್ಲಿಷ್ ಮೇಷ್ಟ್ರು ಹೇಳಿದ ಮೆಟ್ಟಿಲು ಒಂದೊಂದೇ ಹತ್ತಿಸುತ್ತೇನೆ.

ಎಫ್‌ಎ ಚಟುವಟಿಕೆಗೆ ಹೀಗೆ ಯೋಚಿಸಿದ್ದೇನೆ. ಎಲ್ಲರಿಗೂ ವಿಷಯ ಒಂದೇ. ತೋರಿಸುವ ದಾರಿ ಮಕ್ಕಳ ಆಯ್ಕೆ. ಸೆಮಿನಾರ್ ಮಾಡಬಹುದು, ವಿವರ ಬರೆದ ಚಾರ್ಟ್ ಮಾಡಬಹುದು, ತೋಟದಲ್ಲಿ ನೋಡಿದ್ದನ್ನು ದಿನವೂ ಬರೆದಿಡಬಹುದು, ಮಾದರಿ ಮಾಡಿ ನನಗೊಬ್ಬಳಿಗೇ ವಿವರಿಸಬಹುದು. ಅಂಕ ಕೊಡುವ ಅಂಶ ಎಲ್ಲಕ್ಕೂ ಒಂದೇ: ವಿಷಯ ಸರಿಯಾಗಿದೆಯೇ, ತಾನೇ ನೋಡಿದ್ದು ಏನಾದರೂ ಇದೆಯೇ, ಕಾರಣ ಕೊಟ್ಟಿದೆಯೇ. ದನಿಗೆ ಅಂಕ ಇಲ್ಲ.

ಆದರೆ ನನ್ನ ಕೊನೆಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಟೀಚರ್‌ಗಳ ಕಥೆ ಏನು?

ಉತ್ತರ: ಪಿಸಿಎಂ (ಭೌತ, ರಸಾಯನ, ಗಣಿತ) ಮೇಷ್ಟ್ರು, ತಿಪಟೂರು

ಆ ಪ್ರಶ್ನೆಗೆ ನಾನು ಹೇಳುತ್ತೇನೆ ಮೇಡಂ. ನಾನೂ ನಿಮ್ಮ ಹಾಗೆಯೇ. ಜನ ಕಂಡರೆ ಆಗುವುದಿಲ್ಲ ಅಂತಲ್ಲ. ಜನರ ನಡುವೆ ಇದ್ದ ಮೇಲೆ ಸ್ವಲ್ಪ ಹೊತ್ತು ಒಬ್ಬನೇ ಇರಬೇಕು, ಅಷ್ಟೇ.

ಟೈಮ್ ಟೇಬಲ್ ಹಾಕುವಾಗ ಎಚ್‌ಎಂ ಹತ್ತಿರ ಮೊದಲೇ ಹೋಗಿ ಕೇಳಿ. ಪೀರಿಯಡ್ ಕಡಿಮೆ ಮಾಡಿ ಅಂತಲ್ಲ, ಬಿಡುವಿನ ಪೀರಿಯಡ್ ಎಲ್ಲಿ ಬರಬೇಕು ಅಂತ. ಊಟಕ್ಕೆ ಮುಂಚೆ ಅಥವಾ ಊಟ ಆದ ತಕ್ಷಣ ಬಿಡುವಿದ್ದರೆ ಮಧ್ಯಾಹ್ನದ ಪಾಠಕ್ಕೆ ಜೀವ ಬರುತ್ತದೆ. ಆ ಹೊತ್ತಿನಲ್ಲಿ ನಾನು ಲ್ಯಾಬಿನಲ್ಲಿ ಕೂತು ನೋಟ್ಸ್ ತಿದ್ದುತ್ತೇನೆ. ಮೊದಲು ಸಹೋದ್ಯೋಗಿಗಳು ಜಂಬ ಅಂದುಕೊಂಡರು. ‘ನನಗೆ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಮುಂದಿನ ಪಾಠ ಚೆನ್ನಾಗಿ ಆಗುತ್ತೆ’ ಅಂತ ನೇರವಾಗಿ ಹೇಳಿದೆ. ಈಗ ಯಾರೂ ಏನೂ ಅನ್ನುವುದಿಲ್ಲ. ಬೆಳಗಿನ ಟೀ ಮಾತ್ರ ಎಲ್ಲರ ಜೊತೆ ಕುಡಿಯುತ್ತೇನೆ. ಅದನ್ನು ಬಿಡಬೇಡಿ, ಕಷ್ಟ ಬಂದಾಗ ಆಗುವವರು ಅವರೇ.

ಪ್ರಾರ್ಥನೆಯ ಮೈಕು, ಕಾರ್ಯಕ್ರಮದ ನಿರೂಪಣೆ ಇಷ್ಟಪಡುವವರು ಪ್ರತಿ ಶಾಲೆಯಲ್ಲೂ ಇರುತ್ತಾರೆ. ಅವರಿಗೆ ಇಷ್ಟವಿಲ್ಲದ ಕೆಲಸವೂ ಇರುತ್ತದೆ. ಸ್ಯಾಟ್ಸ್ (ಮಕ್ಕಳ ದಾಖಲೆಯ ಸರ್ಕಾರಿ ತಂತ್ರಾಂಶ) ಎಂಟ್ರಿ, ಫಲಿತಾಂಶದ ವಿಶ್ಲೇಷಣೆ, ಲ್ಯಾಬಿನ ದಾಸ್ತಾನು ನಾನು ನೋಡಿಕೊಳ್ಳುತ್ತೇನೆ, ಮೈಕು ಅವರು ನೋಡಿಕೊಳ್ಳುತ್ತಾರೆ. ತರಬೇತಿಯಲ್ಲಿ ಆಟ, ಅಭಿನಯ ಅಂದರೆ ನನಗೆ ಕೈಕಾಲು ಆಡುವುದಿಲ್ಲ. ಹಿಂದಿನ ದಿನದ ವರದಿ ಬರೆಯುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಳ್ಳುತ್ತೇನೆ. ಬೆಳಗ್ಗೆ ಓದುವಾಗ ಹಾಳೆ ಕೈಯಲ್ಲಿರುತ್ತದೆ, ಧೈರ್ಯ ಇರುತ್ತದೆ.

ಪೋಷಕರ ಫೋನಿಗೆ ಸಂಜೆ 5ರಿಂದ 6 ಅಂತ ಸಭೆಯಲ್ಲೇ ಹೇಳಿಬಿಟ್ಟೆ. ತುರ್ತಿದ್ದರೆ ಯಾವಾಗ ಬೇಕಾದರೂ ಮಾಡಿ, ಉಳಿದದ್ದಕ್ಕೆ ವಾಟ್ಸಾಪಿನಲ್ಲಿ ಬರೆಯಿರಿ ಅಂದೆ. ಹೆಚ್ಚಿನವರು ಒಪ್ಪಿದರು.

ಮಾತು ಕಡಿಮೆಯ ಟೀಚರ್‌ಗೆ ಒಂದು ದೊಡ್ಡ ಅನುಕೂಲ ಇದೆ ಮೇಡಂ. ಮಕ್ಕಳು ನಮ್ಮ ಹತ್ತಿರ ಬಂದು ಹೇಳಿಕೊಳ್ಳುತ್ತಾರೆ. ಮನೆಯಲ್ಲಿ ಜಗಳ, ಫೀಸಿನ ತೊಂದರೆ, ಹುಡುಗಿಗೆ ಮದುವೆ ಮಾಡುವ ಮಾತುಕತೆ, ಇಂಥದ್ದು ಎಷ್ಟೋ ಸಲ ನನ್ನ ಕಿವಿಗೇ ಮೊದಲು ಬಿದ್ದಿದೆ. ಒಂದು ಮದುವೆಯಂತೂ ನಿಂತಿತು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಹೋದದ್ದರಿಂದ. ಇದನ್ನು ನಿಮ್ಮ ವೀಕ್ಷಣೆಯ ಪುಸ್ತಕದಲ್ಲಿ ಯಾರೂ ಬರೆಯುವುದಿಲ್ಲ, ಆದರೂ ಇದು ನಮ್ಮ ಕೆಲಸವೇ.

ಪ್ರಶ್ನೆ ಕೇಳಿದವರು: ಸಿಬಿಜೆಡ್ ಟೀಚರ್, ಶ್ರೀನಿವಾಸಪುರ ತಾಲ್ಲೂಕು

ತಿಪಟೂರು ಸಾರ್, ನಿಮ್ಮ ಉತ್ತರವನ್ನು ನಮ್ಮ ಎಚ್‌ಎಂಗೆ ಓದಿ ಹೇಳಿದೆ. ಊಟದ ನಂತರದ ಪೀರಿಯಡ್ ವಾರದಲ್ಲಿ ಮೂರು ದಿನ ಬಿಡುವು ಮಾಡಿಕೊಡಲು ಒಪ್ಪಿದ್ದಾರೆ. ಪ್ರಾರ್ಥನೆಯ ಮೈಕನ್ನು ಹಿಂದಿ ಮೇಡಂ ಖುಷಿಯಿಂದ ತೆಗೆದುಕೊಂಡರು. ಬದಲಿಗೆ ಅವರ ಸ್ಯಾಟ್ಸ್ ಕೆಲಸ ನನಗೆ. ಪೋಷಕರಿಗೆ ಫೋನಿನ ಹೊತ್ತು ಮುಂದಿನ ಸಭೆಯಲ್ಲಿ ಹೇಳುತ್ತೇನೆ.

ಹೊತ್ತಿನ ಸಮೇತ ಬರೆದ ಪಾಠ ಯೋಜನೆ ಮತ್ತು ಎಫ್‌ಎ ಚಟುವಟಿಕೆಯ ಅಂಕದ ಹಾಳೆ ಎರಡನ್ನೂ ತಯಾರು ಮಾಡುತ್ತಿದ್ದೇನೆ. ಭಾನುವಾರ ಇಲ್ಲೇ ಹಾಕುತ್ತೇನೆ. ಗಣಿತ, ಸಮಾಜದವರು ನಿಮ್ಮ ವಿಷಯಕ್ಕೆ ತಕ್ಕ ಹಾಗೆ ಬದಲಾಯಿಸಿಕೊಳ್ಳಬಹುದು. ಇಂಗ್ಲಿಷ್ ಮೇಷ್ಟ್ರೇ, ನಿಮ್ಮ ಮೆಟ್ಟಿಲುಗಳನ್ನು ಯಾವ ತಿಂಗಳಿಗೆ ಯಾವುದು ಅಂತ ಬರೆದು ಕಳಿಸಿದರೆ ಅದನ್ನೂ ಸೇರಿಸುತ್ತೇನೆ.